ನೈಸ್ ಅಂದರೆ ಬರೀ ‘ಚೆನ್ನಾಗಿದೆ’ ಅಲ್ಲ, ಪುಟ್ಟಿ

ಪುಟ್ಟಿ, ಮೊನ್ನೆ ಮೂಟ್ ಕೋರ್ಟಿಗೆಂದು ಹಳೆಯ ತೀರ್ಪೊಂದನ್ನು ಓದುತ್ತಿದ್ದೆಯಲ್ಲ, ಅದರಲ್ಲಿ ‘ನೈಸ್ ಕ್ವೆಶ್ಚನ್ ಆಫ್ ಲಾ’ ಎಂದು ಬಂದ ಕೂಡಲೇ, ‘ದೊಡ್ಡಪ್ಪಾ, ಜಡ್ಜು ವಕೀಲರನ್ನು ಹೊಗಳಿದ್ದಾರೆ’ ಅಂದೆ. ಆಗಲೇ ಹೇಳಬೇಕೆಂದಿದ್ದೆ. ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು.

ಅದು ಹೊಗಳಿಕೆಯಲ್ಲಮ್ಮ. ಪ್ರಶ್ನೆ ಬಲು ಸೂಕ್ಷ್ಮವಾದದ್ದು, ಕೂದಲೆಳೆಯಷ್ಟರಲ್ಲಿ ಆಚೆಗೋ ಈಚೆಗೋ ವಾಲಬಹುದಾದದ್ದು ಎಂದರ್ಥ. ‘ನೈಸ್ ಡಿಸ್ಟಿಂಕ್ಷನ್’ ಅಂದರೂ ಹಾಗೆಯೇ, ಕಣ್ಣು ನೆಟ್ಟು ನೋಡದಿದ್ದರೆ ತಪ್ಪಿಹೋಗುವ ವ್ಯತ್ಯಾಸ. ನಿಮ್ಮ ದೊಡ್ಡಮ್ಮ ‘ದೋಸೆ ಹಿಟ್ಟು ಇನ್ನೂ ನೈಸಾಗಬೇಕು’ ಅನ್ನುತ್ತಾಳಲ್ಲ, ಆ ನೈಸನ್ನು ನೆನೆದುಕೋ. ನ್ಯಾಯಾಧೀಶರ ಮಾತಿಗೆ ನಮ್ಮ ಅಡುಗೆಮನೆಯ ಅರ್ಥವೇ ಹತ್ತಿರ. ಆದರೆ ‘ನೈಸ್ ಮಾಡೋದು’ ಅಂತ ನಾವು ಬೆಣ್ಣೆ ಹಚ್ಚುವುದಕ್ಕೆ ಹೇಳುತ್ತೇವಲ್ಲ, ಅದು ನಮ್ಮದು ಮಾತ್ರ. ಇಂಗ್ಲಿಷಿಗೆ ಒಯ್ಯಬೇಡ.

ಈ ಪದ ಲ್ಯಾಟಿನ್ನಿನ ‘ನೆಸ್ಕಿಯುಸ್’ನಿಂದ ಹುಟ್ಟಿತು. ಏನೂ ಅರಿಯದವನು ಎಂದರ್ಥ. ಸೈನ್ಸ್ ಎಂಬ ಪದದಲ್ಲಿರುವುದೂ ಅದೇ ಧಾತು. ಅಲ್ಲಿ ಅರಿವು, ಇಲ್ಲಿ ಅರಿವಿಲ್ಲದಿರುವುದು. ಸುಮಾರು 1300ರ ಹೊತ್ತಿಗೆ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಯಾರನ್ನಾದರೂ ನೈಸ್ ಅಂದರೆ ಪೆದ್ದ ಅಂದಂತೆಯೇ. ಆಮೇಲೆ ನಾಜೂಕು, ಸೂಕ್ಷ್ಮ ಎಂಬ ಅರ್ಥಗಳು ಸೇರಿದವು. ಹಿತವಾದದ್ದು ಎಂಬುದು ಹದಿನೆಂಟನೇ ಶತಮಾನದಲ್ಲಿ ರೂಢಿಯಾಯಿತು. ರೂಢಿಯಾದ ಮೇಲೆ ಸವೆಯಿತು ಕೂಡ. 1817ರ ಕೊನೆಯಲ್ಲಿ ಬಂದ ಜೇನ್ ಆಸ್ಟೆನ್ನರ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲೇ, ಕಾದಂಬರಿಯೊಂದನ್ನು ನೈಸ್ ಎಂದು ಮೆಚ್ಚಿದ ಕ್ಯಾಥರೀನಳನ್ನು ಹೆನ್ರಿ ಟಿಲ್ನಿ ಛೇಡಿಸುತ್ತಾನೆ.

ಹಾಗೆಂದು ಆ ಪದವನ್ನೇ ಬಿಡು ಅನ್ನುತ್ತಿಲ್ಲ. ಮಾತಿನಲ್ಲಿ ಸಲೀಸಾಗಿ ಬರಲಿ. ‘ನೈಸ್ ಆ್ಯಂಡ್ ಹಾಟ್’ ಅಂದರೆ ಕಾಫಿ ಹದವಾಗಿ ಬಿಸಿಯಾಗಿದೆ ಎಂದಷ್ಟೇ, ಎರಡು ಗುಣಗಳ ಲೆಕ್ಕವಲ್ಲ. ನನಗೆ ಚಿಂತೆಯಿರುವುದು ನಿನ್ನ ಬರವಣಿಗೆಯದು. ಕಿವಿಗೆ ಇಂಪು, ಮೂಗಿಗೆ ಕಂಪು, ಮೈಗೆ ತಂಪು ಅಂತ ಒಂದೊಂದಕ್ಕೂ ಬೇರೆ ಮಾತಿರುವ ಭಾಷೆಯಲ್ಲಿ ಬೆಳೆದವಳು ನೀನು. ಇಂಗ್ಲಿಷಿಗೆ ಹೋದ ತಕ್ಷಣ ಎಲ್ಲವೂ ನೈಸ್ ಆಗಿಬಿಟ್ಟರೆ ನನಗೆ ಸಂಕಟವಾಗುತ್ತದೆ. ಇಂಟರ್ನ್‌ಶಿಪ್ ಮುಗಿಸಿ ವಕೀಲರಿಗೆ ಬರೆದ ಪತ್ರ ತೋರಿಸಿದೆಯಲ್ಲ, ಅದರಲ್ಲಿ ನೈಸ್ ಆಫೀಸು, ನೈಸ್ ಜನ, ನೈಸ್ ಅನುಭವ. ಅವರು ರಾತ್ರಿ ಎಂಟರವರೆಗೆ ಕೂತು ನಿನ್ನ ಕರಡನ್ನು ಸಾಲು ಸಾಲಾಗಿ ತಿದ್ದಿಕೊಟ್ಟರು ಅಂತ ಹೇಳಿದ್ದೆಯಲ್ಲ, ಪತ್ರದಲ್ಲಿ ಅದನ್ನು ಬರಿ.