ಪಾಲಿಗೆ ದನ ಸಾಕುವ ಮೊದಲು

ಕುಂಬ್ಡಾಜೆಯ ಅಡಿಕೆ ತೋಟಗಳಿಗೆ ಹಟ್ಟಿಗೊಬ್ಬರ ಬೇಕು. ಮನೆಗೆ ಹಾಲು ಬೇಕು. ಆದರೆ ದನ ಇರುವ ಎಲ್ಲರಿಗೂ ಸಾಕುವ ಶಕ್ತಿ ಇರುವುದಿಲ್ಲ. ಪ್ರಾಯವಾಗಿರುತ್ತದೆ, ಮಕ್ಕಳು ದೂರದ ಊರಿನಲ್ಲಿರುತ್ತಾರೆ. ಸಾಕುವ ಶಕ್ತಿ ಇರುವವರಿಗೆ ದನ ಕೊಳ್ಳಲು ಹಣ ಇರುವುದಿಲ್ಲ. ಆಗ ಒಬ್ಬರ ದನವನ್ನು ಇನ್ನೊಬ್ಬರು ಪಾಲಿಗೋ ಬಾಡಿಗೆಗೋ ಸಾಕಬಹುದು. ಇದರಿಂದ ಇಬ್ಬರಿಗೂ ಲಾಭ. ಆದರೆ ಮೊದಲೇ ಮಾತು ಸರಿಯಾಗಿ ಆಗಬೇಕು.

ನೆರೆಕರೆಯ ಇಬ್ಬರ ಮಾತು ಓದಿ.

"ಅಕ್ಕಾ, ಈ ದನವನ್ನು ನೀವು ಸಾಕಿ. ಹಾಲು ನಿಮಗೆ. ನನಗೆ ತಿಂಗಳ ಬಾಡಿಗೆ ಕೊಟ್ಟರೆ ಸಾಕು."

"ಆಯಿತು ಅಣ್ಣಾ. ಕರು ಹಾಕಿದರೆ?"

"ಅದು ಮತ್ತೆ ನೋಡುವ. ನಮ್ಮೊಳಗೆ ಎಂತ ಲೆಕ್ಕ?"

ವರ್ಷ ಕಳೆಯಿತು. ದನ ಹೆಣ್ಣು ಕರು ಹಾಕಿತು.

"ದನ ನನ್ನದು, ಕರುವೂ ನನ್ನದು" ಅಂದರು ಅಣ್ಣ.

"ಹುಲ್ಲು ಕೊಯ್ದು ಹಾಕಿದ್ದು ನಾನು, ರಾತ್ರಿ ನಿದ್ದೆಗೆಟ್ಟದ್ದೂ ನಾನು" ಅಂದರು ಅಕ್ಕ.

ಎರಡು ಮನೆಗಳ ಹೋಗಿಬರುವಿಕೆ ನಿಂತಿತು.

ಯಾರು ಸರಿ? 1872ರ ಭಾರತೀಯ ಕರಾರು ಕಾಯಿದೆಯ 163ನೇ ಕಲಮಿನಲ್ಲಿ ದನದ ಉದಾಹರಣೆಯೇ ಇದೆ. ನೋಡಿಕೊಳ್ಳಲು ಬಿಟ್ಟ ದನ ಕರು ಹಾಕಿದರೆ, ದನದ ಜೊತೆಗೆ ಕರುವನ್ನೂ ಒಡೆಯರಿಗೆ ಒಪ್ಪಿಸಬೇಕು. ಬೇರೆ ಕರಾರು ಇದ್ದರೆ ಮಾತ್ರ ಅದರಂತೆ ನಡೆಯಬೇಕು. ನೋಡಿದಿರಾ? ಮೊದಲೇ ಮಾತಾಡದಿದ್ದರೆ ನಷ್ಟ ಸಾಕಿದವರಿಗೆ. ಬಾಯಿಮಾತಿನ ಕರಾರೂ ಕರಾರೇ. ಆದರೆ ಜಗಳವಾದಾಗ ಅದನ್ನು ರುಜುಪಡಿಸುವುದು ಕಷ್ಟ. ಆದುದರಿಂದ ಬರೆದಿಡಿ. ಈಗ ನಿಮಗೆ ಬರೆಯಲು ಬರುತ್ತದಲ್ಲವೇ?

ಏನೇನು ಬರೆಯಬೇಕು?

1. ಗುರುತು: ದನದ ಬಣ್ಣ, ಎಷ್ಟನೆಯ ಕರುವಿನ ದನ, ಕಿವಿಯ ಬಿಲ್ಲೆಯಲ್ಲಿರುವ 12 ಅಂಕಿಗಳು.

2. ಬಾಡಿಗೆ: ಕಾಸರಗೋಡು ಗಿಡ್ಡ ತಳಿಗೆ ಹಾಲೂ ಕಡಿಮೆ, ಮೇವೂ ಕಡಿಮೆ. ಮಿಶ್ರತಳಿಗೆ ಎರಡೂ ಹೆಚ್ಚು. ಎರಡಕ್ಕೂ ಒಂದೇ ಬಾಡಿಗೆ ಸರಿಯಲ್ಲ.

3. ಹಾಲಿಲ್ಲದ ಕಾಲ: ದನದ ಗಬ್ಬ ಸುಮಾರು 280 ದಿನ. ಕರು ಹಾಕುವ ಮೊದಲು ಸುಮಾರು 2 ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಬೇಕು. ಆಗ ಹಾಲಿಲ್ಲ, ಆದರೆ ದನಕ್ಕೆ ಹೊಟ್ಟೆ ಇದೆ. ಆ ತಿಂಗಳುಗಳಿಗೂ ಬಾಡಿಗೆ ಉಂಟೋ? ಹಿಂಡಿಯ ಖರ್ಚು ಯಾರದು?

4. ಕರು, ಗೊಬ್ಬರ: ಯಾರಿಗೆ? ಹೋರಿ ಕರುವಾದರೆ ಏನು, ಹೆಣ್ಣಾದರೆ ಏನು?

5. ಹಾಲಿನ ಹಣ: ಸೊಸೈಟಿಯಲ್ಲಿ ಹಾಲು ಅಳೆಯುವುದು ಯಾರ ಹೆಸರಿನಲ್ಲಿ?

6. ಕಾಯಿಲೆ, ಸಾವು: ಮದ್ದಿನ ಖರ್ಚು ಯಾರದು? ಸ್ವಂತ ದನದಂತೆ ಜಾಗ್ರತೆಯಿಂದ ನೋಡಿಕೊಂಡರೂ ದನ ಸತ್ತರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಸಾಕಿದವರು ಹೊಣೆಯಲ್ಲ. ಆದರೆ ಜಾಗ್ರತೆ ಮಾಡಿದ್ದಕ್ಕೆ ಸಾಕ್ಷಿ ಬೇಕು. ಕಾಯಿಲೆ ಕಂಡ ಕೂಡಲೇ ಮೃಗಾಸ್ಪತ್ರೆಗೆ ತಿಳಿಸಿ, ಒಡೆಯರಿಗೂ ಹೇಳಿ. ಆಸ್ಪತ್ರೆಯ ಚೀಟಿ ಬಿಸಾಡಬೇಡಿ.

ಹೊಸ ಪದಗಳು

ಕರಾರು – ಇಬ್ಬರೂ ಒಪ್ಪಿದ ಮಾತು
ಕಲಮು – ಕಾಯಿದೆಯ ಒಂದು ಭಾಗ
ಹೊಣೆ – ಜವಾಬ್ದಾರಿ

ಅಭ್ಯಾಸ: ಬಿಟ್ಟ ಸ್ಥಳ ತುಂಬಿ ಬರೆಯಿರಿ

"............ ಆದ ನಾನು ಬಿಲ್ಲೆ ಸಂಖ್ಯೆ ............ ಇರುವ ನನ್ನ ದನವನ್ನು ............ ಅವರಿಗೆ ...... ತಿಂಗಳ ಕಾಲ ಸಾಕಲು ಕೊಟ್ಟಿದ್ದೇನೆ. ತಿಂಗಳ ಬಾಡಿಗೆ ರೂ. ....... ಹಾಲಿಲ್ಲದ ತಿಂಗಳಲ್ಲಿ ರೂ. ....... ಹುಟ್ಟುವ ಕರು ............ ಅವರಿಗೆ ಸೇರತಕ್ಕದ್ದು."

ಎರಡು ಪ್ರತಿ ಬರೆಯಿರಿ. ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳಿಂದಲೂ ಹಾಕಿಸಿ. ಸಹಿಗೆ ಮೊದಲು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಲೆಕ್ಕ ಸರಿ ಇದ್ದರೆ ನೆರೆಕರೆಯೂ ಸರಿ ಇರುತ್ತದೆ.