ಅಪ್ಪಣೆಗೆ ಕಾದಿರುವ ಸಾಲು

ಕಾರವಾರದ ಕಡಲಿನಲ್ಲಿ ಇರುಳು ಮರಳುವ ದೋಣಿಗೆ ದೇವಗಡ ದ್ವೀಪದ ದೀಪಸ್ತಂಭವು ದಿಕ್ಕನ್ನು ತಿಳಿಸುತ್ತದೆ. ಲಿನಕ್ಸ್ ಗಣಕಯಂತ್ರದ ಟರ್ಮಿನಲ್‌ನಲ್ಲಿ ಆ ಕಾರ್ಯವನ್ನು ಮಾಡುವುದು ‘ಪ್ರಾಂಪ್ಟ್’. ಅಪ್ಪಣೆಗೆ ಕಾದಿರುವ ಈ ಕಿರುಸಾಲು ಸಾಮಾನ್ಯವಾಗಿ ಬಳಕೆದಾರನ ಹೆಸರು, ಯಂತ್ರದ ಹೆಸರು ಮತ್ತು ಕಡತಕೋಶವನ್ನು ತೋರಿಸುತ್ತದೆ. ಕಿನ್ನರದ ಮನೆಯಲ್ಲಿ ಕುಳಿತು ಬೆಂಗಳೂರಿನ ಯಂತ್ರವನ್ನು ನಡೆಸುವವನಿಗೆ ಇವು ಅತ್ಯವಶ್ಯಕ.

1989ರಲ್ಲಿ ಬ್ರಯನ್ ಫಾಕ್ಸ್ ಹೊರತಂದ ‘ಬ್ಯಾಷ್’ನಲ್ಲಿ ಈ ಸಾಲಿನ ರೂಪವನ್ನು ‘ಪಿಎಸ್1’ ಎಂಬ ಚರವು ನಿರ್ಧರಿಸುತ್ತದೆ. ಬೇಕಾದ ರೂಪವನ್ನು ‘ಬ್ಯಾಷ್‌ಆರ್‌ಸಿ’ ಕಡತದಲ್ಲಿ ಬರೆದಿಟ್ಟರೆ ಅದು ಸ್ಥಿರವಾಗುತ್ತದೆ. ಸಾಮಾನ್ಯ ಬಳಕೆದಾರನಿಗೆ ಡಾಲರ್ ಚಿಹ್ನೆ, ಸರ್ವಾಧಿಕಾರವುಳ್ಳ ‘ರೂಟ್’ಗೆ ಹ್ಯಾಶ್ ಚಿಹ್ನೆ ಕಾಣುವುದು ರೂಢಿ. ರೂಟ್ ಅಳಿಸಿದ ಕಡತವು ಮರಳಿ ದೊರೆಯುವುದು ದುರ್ಲಭ. ಆದುದರಿಂದ ಅವನ ಪ್ರಾಂಪ್ಟ್‌ಗೆ ಕೆಂಪು ಬಣ್ಣವನ್ನು ಕೊಡುವುದು ಬರಿಯ ಅಲಂಕಾರವಲ್ಲ. ಕೈ ಮುಂದಾಗುವ ಮುನ್ನ ‘ನಾನು ಯಾರು, ಎಲ್ಲಿದ್ದೇನೆ’ ಎಂದು ನೆನಪಿಸುವ ವಿವೇಕ.