ಕಂಬದ ಬುಡದಲ್ಲಿ ನೀರು ಏನು ಮಾಡ್ತದೆ?

ಮಳೆಗಾಲದಲ್ಲಿ ಎಲ್ಲಾದರೂ ಸೇತುವೆ ಕುಸಿದ ಸುದ್ದಿ ಬಂದರೆ ಮಕ್ಕಳು ಮೊದಲು ಕೇಳುವುದು, "ಲಾರಿಯ ಭಾರ ಹೆಚ್ಚಾಯ್ತಾ ಟೀಚರ್?" ಎಂದು. ದೊಡ್ಡವರ ಊಹೆಯೂ ಹೆಚ್ಚುಕಡಿಮೆ ಅದೇ. ಸೇತುವೆ ಅಂದರೆ ಮೇಲೆ ಹೋಗುವುದನ್ನು ಹೊರುವ ವಸ್ತು; ಆದ್ದರಿಂದ ಕೆಡುವುದೂ ಮೇಲಿನ ಭಾರದಿಂದಲೇ ಇರಬೇಕು ಅಂತ ಅನಿಸ್ತದೆ. ಆದರೆ ಹೊಳೆಯಲ್ಲಿ ಕಂಬ ನಿಲ್ಲಿಸಿ ಕಟ್ಟಿದ ಸೇತುವೆಗಳಿಗೆ ದೊಡ್ಡ ಅಪಾಯ ಇರುವುದು ಕೆಳಗೆ, ನೀರು ಮಣ್ಣನ್ನು ಮುಟ್ಟುವ ಜಾಗದಲ್ಲಿ. ನಮ್ಮ ಕರಾವಳಿಯ ಮಕ್ಕಳಿಗೆ ಕಡಲ್ಕೊರೆತ ಗೊತ್ತು. ಅದೇ ಕೊರೆತ ಸೇತುವೆಯ ಕಂಬದ ಬುಡದಲ್ಲಿ ನಡೆದರೆ ಎಂಜಿನಿಯರುಗಳು ಸ್ಕೌರ್ ಅನ್ನುತ್ತಾರೆ. ನಾವು ಬುಡಕೊರೆತ ಅಂತ ಕರೆಯೋಣ. ಒತ್ತಡ, ಬಲ, ತೇಲುವಿಕೆ ಪಾಠ ಮಾಡುವಾಗ ಎರಡು ಪಿರಿಯಡ್ ಇದಕ್ಕೆ ಕೊಟ್ಟರೆ ನಷ್ಟ ಇಲ್ಲ. ಯಾಕೆಂದರೆ ದಿನಾ ಇಂಥ ಸೇತುವೆ ದಾಟಿಯೇ ಶಾಲೆಗೆ ಬರುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ.

ಮೊದಲು ನೀರಿನ ಬಲದ ಮಾತು. ಹರಿಯುವ ನೀರು ಎದುರಿನ ವಸ್ತುವನ್ನು ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟು. ಇಷ್ಟನ್ನು ಮಕ್ಕಳು ಬೇಗ ಒಪ್ಪಿಕೊಳ್ಳುತ್ತಾರೆ. ಇನ್ನು ಮುಂದಿನದ್ದು ಸ್ವಲ್ಪ ಆಶ್ಚರ್ಯದ್ದು. ಹೊಳೆಯ ತಳದಲ್ಲಿ ಒಂದು ಕಲ್ಲು ಇದೆ ಅಂತ ಇಟ್ಟುಕೊಳ್ಳಿ, ಅದರ ಬದಿಯ ಉದ್ದ L. ನೀರು ತಳ್ಳುವುದು ಕಲ್ಲಿನ ಮುಖವನ್ನು, ಅಂದರೆ L² ವಿಸ್ತೀರ್ಣವನ್ನು. ಆ ಕಲ್ಲನ್ನು ಕೂತಲ್ಲೇ ಕೂರಿಸುವುದು ಅದರ ತೂಕ, ಅದು L³ಗೆ ಅನುಗುಣ. ಎರಡನ್ನೂ ಸಮ ಮಾಡಿ ನೋಡಿದರೆ, ನೀರು ಉರುಳಿಸಬಲ್ಲ ಕಲ್ಲಿನ L ವೇಗದ ವರ್ಗಕ್ಕೆ ಅನುಗುಣವಾಗಿ ಬರ್ತದೆ. ತೂಕ L³ ಆದ್ದರಿಂದ ವೇಗದ ಆರನೇ ಘಾತಕ್ಕೆ! ವೇಗ ಇಮ್ಮಡಿಯಾದರೆ 64 ಪಟ್ಟು ತೂಕದ ಕಲ್ಲು ಉರುಳುತ್ತದೆ. ಬೇಸಗೆಯಲ್ಲಿ ಮರಳು ಕೂಡ ಅಲ್ಲಾಡಿಸದ ಹೊಳೆ ಆಟಿ ತಿಂಗಳಲ್ಲಿ ಬಂಡೆ ತಂದು ತೋಟಕ್ಕೆ ಹಾಕುವುದು ಹೇಗೆ ಅಂತ ಈ ಒಂದು ಲೆಕ್ಕದಲ್ಲಿ ಗೊತ್ತಾಗ್ತದೆ.

ಇಂಥ ನೀರಿಗೆ ಕಂಬ ಎದುರಾದಾಗ ಏನಾಗ್ತದೆ? ಹೊಳೆಯಲ್ಲಿ ಮೇಲಿನ ನೀರಿಗೆ ವೇಗ ಹೆಚ್ಚು, ತಳಕ್ಕೆ ತಾಗಿದ ನೀರಿಗೆ ಕಡಿಮೆ. ಕಂಬದ ಮುಖಕ್ಕೆ ಬಡಿದು ನಿಂತ ನೀರಿನ ಒತ್ತಡವೂ ಹಾಗೆಯೇ: ಮೇಲ್ಭಾಗದಲ್ಲಿ ಹೆಚ್ಚು, ಬುಡದ ಹತ್ತಿರ ಕಡಿಮೆ. ಹೆಚ್ಚಿನ ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ನೀರು ಹೋಗಲೇಬೇಕಲ್ಲ, ಹಾಗಾಗಿ ಅದು ಕಂಬದ ಮುಖದ ಮೇಲೆ ಕೆಳಮುಖವಾಗಿ ಇಳಿಯುತ್ತದೆ. ತಳಕ್ಕೆ ಬಡಿದು ಸುರುಳಿಯಾಗಿ, ಕುತ್ತಿಗೆಗೆ ಶಾಲು ಹಾಕಿದ ಹಾಗೆ ಕಂಬದ ಎರಡೂ ಬದಿಯಿಂದ ಹಿಂದಕ್ಕೆ ಹೋಗ್ತದೆ. ಈ ಸುಳಿಯೇ ಮರಳನ್ನು ಎತ್ತಿ ಒಯ್ಯುವುದು. ಆದ್ದರಿಂದ ಗುಂಡಿ ಬೀಳುವುದು ನೀರು ಬರುವ ದಿಕ್ಕಿನ ಮುಖದಲ್ಲಿ ಮೊದಲು. ಕಂಬದ ಹಿಂದೆ ಅಲ್ಲ. ಮಕ್ಕಳು ಸಾಮಾನ್ಯವಾಗಿ ಹಿಂದೆ ಅಂತಲೇ ಊಹಿಸುತ್ತಾರೆ, ಊಹಿಸಲು ಬಿಡಿ. ಕಂಬ ದಪ್ಪವಾದಷ್ಟೂ ಗುಂಡಿ ಆಳ. ಬುಡಕ್ಕೆ ಮರದ ದಿಮ್ಮಿ, ಬಿದಿರಿನ ಹಿಂಡಿಲು ಸಿಕ್ಕಿಕೊಂಡರೆ ನೀರಿನ ಪಾಲಿಗೆ ಕಂಬವೇ ದಪ್ಪವಾದಂತೆ.

ಇದನ್ನು ಕಣ್ಣಾರೆ ನೋಡಲು ಬೇಕಾದದ್ದು ಒಂದು ಉದ್ದನೆಯ ಟ್ರೇ, ಸೋಸಿದ ಸಣ್ಣ ಮರಳು, ಒಂದು ದೊಡ್ಡ ಬ್ಯಾಟರಿ ಸೆಲ್ಲು, ನಳ್ಳಿಗೆ ಸಿಕ್ಕಿಸುವ ಪೈಪು. ಟ್ರೇಯಲ್ಲಿ ಎರಡು ಸೆಂಟಿಮೀಟರ್ ಮರಳು ಹರವಿ, ಅದರ ಮೇಲೆ ನುಣ್ಣಗೆ ಪುಡಿಮಾಡಿದ ಕೆಂಪು ಮಣ್ಣಿನ ತೆಳು ಪದರ ಹಾಕಿ, ಮೇಲೆ ಪುನಃ ಎರಡು ಸೆಂಟಿಮೀಟರ್ ಮರಳು. ಸೆಲ್ಲನ್ನು ನೆಟ್ಟಗೆ ನಿಲ್ಲಿಸಿ ಮೇಲಿನ ಪದರದಷ್ಟು ಹೂಳಿ. ಟ್ರೇಯ ಒಂದು ತುದಿಗೆ ಪುಸ್ತಕದಷ್ಟು ದಪ್ಪದ ಹಲಗೆ ಕೊಟ್ಟು ನೀರು ಬಿಡಿ. ಪೈಪಿನ ಬಾಯಿಗೆ ಸ್ಪಂಜು ಇಡದಿದ್ದರೆ ನೀರು ಬೀಳುವ ಜಾಗವೇ ಗುಂಡಿಯಾಗಿ ಪ್ರಯೋಗ ಹಾಳು. ಕೆಲವು ನಿಮಿಷದಲ್ಲಿ ಸೆಲ್ಲಿನ ಮುಂದೆ ಗುಂಡಿ ಕಾಣಿಸುತ್ತದೆ, ಕೆಂಪು ನೀರು ಹೊರಡುತ್ತದೆ. ಇನ್ನೊಂದು ಸಲ ಸೆಲ್ಲಿನ ಮುಂದೆ ನಾಲ್ಕು ಕಡ್ಡಿ ಅಡ್ಡ ಸಿಕ್ಕಿಸಿ ಮಾಡಿ. ಮತ್ತೊಂದು ಸಲ ಬುಡಕ್ಕೆ ಸಣ್ಣ ಜಲ್ಲಿ ಸುರಿದು ಮಾಡಿ. ವ್ಯತ್ಯಾಸ ಮಕ್ಕಳೇ ಹೇಳುತ್ತಾರೆ.

ಪಾಠದ ಮುಖ್ಯ ಭಾಗ ಇದರ ನಂತರದ್ದು, ದಯವಿಟ್ಟು ಬಿಡಬೇಡಿ. ಗುಂಡಿ ಬಿದ್ದ ಮೇಲೆ ನೀರನ್ನು ನಿಧಾನ ಕಡಿಮೆ ಮಾಡುತ್ತಾ ಮೇಲಿನ ತುದಿಯಲ್ಲಿ ಹಿಡಿಹಿಡಿ ಮರಳು ಹಾಕಿ. ಮರಳು ಹರಿದು ಬಂದು ಗುಂಡಿ ತುಂಬುತ್ತದೆ. ನೀರು ನಿಂತಾಗ ಮೇಲಿನಿಂದ ನೋಡಿದರೆ ಎಲ್ಲ ಮೊದಲಿನಂತೆ ಸಮತಟ್ಟು! ಈಗ ಚಮಚದಿಂದ ಮೆಲ್ಲ ಅಗೆದು ನೋಡಿ. ಸೆಲ್ಲಿನ ಸುತ್ತ ಕೆಂಪು ಪದರ ಇರುವುದಿಲ್ಲ. ಹಿಡಿಸೂಡಿ ಕಡ್ಡಿ ಚುಚ್ಚಿದರೆ ಅಲ್ಲಿ ಸರಕ್ಕನೆ ಇಳಿಯುತ್ತದೆ, ದೂರದಲ್ಲಿ ಬಿಗಿ ಇರುತ್ತದೆ. ನಿಜವಾದ ಹೊಳೆಯಲ್ಲೂ ಇದೇ ಕಥೆ. ಗುಂಡಿ ಅತಿ ಆಳವಾಗಿರುವುದು ನೆರೆ ಅತಿ ಹೆಚ್ಚಿದ್ದಾಗ, ಯಾರೂ ಇಳಿದು ನೋಡಲಾಗದ ಹೊತ್ತಿನಲ್ಲಿ. ನೆರೆ ಇಳಿಯುವಾಗ ಹೊಳೆಯೇ ಸಡಿಲ ಮರಳು ತಂದು ಗುಂಡಿ ಮುಚ್ಚಿಬಿಡುತ್ತದೆ. ಮರುದಿನ ಬಿಸಿಲಿನಲ್ಲಿ ನಿಂತು "ಏನೂ ಆಗಲಿಲ್ಲ ಮಾರಾಯ್ರೆ, ಬಸ್ಸು ಬಿಡ್ಲಿ" ಎನ್ನುವವರು ಕಾಣುವುದು ಆ ಮುಚ್ಚಿದ ಮರಳನ್ನು ಮಾತ್ರ. ಇದನ್ನು ತಿಳಿಯಲು ಎಂಜಿನಿಯರುಗಳು ಕೆಲವೆಡೆ ಹೊಳೆಯ ತಳದಲ್ಲಿ ಕಬ್ಬಿಣದ ಸರಪಳಿಯನ್ನು ನೆಟ್ಟಗೆ ಹೂಳಿಡುತ್ತಾರೆ. ಕೊರೆತ ಎಷ್ಟು ಆಳಕ್ಕೆ ಹೋಯಿತೋ ಅಲ್ಲಿಯವರೆಗೆ ಸರಪಳಿ ಮಡಚಿ ಮಲಗಿರುತ್ತದೆ. ನಮ್ಮ ಕೆಂಪು ಮಣ್ಣಿನ ಕೆಲಸವನ್ನೇ ಅದು ಮಾಡುವುದು.

ಬುಡಕೊರೆತದ ಬಗ್ಗೆ ಜಗತ್ತಿಗೆ ಎಚ್ಚರ ಹುಟ್ಟಿಸಿದ ಒಂದು ಘಟನೆ ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ಸ್ಕೊಹಾರಿ ಎಂಬ ಹೊಳೆಗೆ 1954ರಲ್ಲಿ ಕಟ್ಟಿದ ಹೆದ್ದಾರಿ ಸೇತುವೆ 1987ರ ಏಪ್ರಿಲ್ 5ರಂದು ನೆರೆಯ ಮಧ್ಯೆ ಕುಸಿಯಿತು. 10 ಜನ ತೀರಿಹೋದರು. ಕಂಬಗಳ ಪಾಯ ಆಳವಿರಲಿಲ್ಲ, ಬುಡಕ್ಕೆ ರಕ್ಷಣೆಯಾಗಿ ಹಾಕಿದ್ದ ಕಲ್ಲುಗಳು ವರ್ಷಗಳ ನೆರೆಯಲ್ಲಿ ಸರಿದಿದ್ದವು. ಆ ಸೇತುವೆಯ ತಪಾಸಣೆ ನಡೆಯುತ್ತಲೇ ಇತ್ತು. ಆದರೆ ನೀರಿಗೆ ಇಳಿದು ಪಾಯವನ್ನು ನೋಡಿದ ತಪಾಸಣೆ ಒಂದೂ ಇರಲಿಲ್ಲ. ಅದು ಆಗಬೇಕೆಂದು ನಿಗದಿಯಾಗಿದ್ದೂ 1987ರಲ್ಲೇ. ಮರುವರ್ಷ ಅಲ್ಲಿನ ನಿಯಮವೇ ಬದಲಾಯಿತು, ನೀರಿನೊಳಗಿನ ತಪಾಸಣೆ ಕಡ್ಡಾಯವಾಯಿತು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾಗದ ಇನ್ನೊಂದು ಸೇತುವೆ. ಅದೇ ಹೊಳೆಯಲ್ಲಿ ಸುಮಾರು ಐದು ಕಿಲೋಮೀಟರ್ ಮೇಲೆ ಮಿಲ್ ಪಾಯಿಂಟ್ ಎಂಬಲ್ಲಿ ಹಳ್ಳಿ ರಸ್ತೆಯ ಸೇತುವೆ ಇತ್ತು. ಇದರ ಬುಡವೂ ಕೊರೆದಿರಬಹುದು ಎಂಬ ಸಂಶಯದಿಂದ ನೆರೆ ಬಂದಾಗಲೇ ಮುಚ್ಚಿದರು. ಆರು ದಿನ ಕಳೆದು ಅದರ ದೊಡ್ಡ ಭಾಗ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಯಾಕೆಂದರೆ ಮೇಲೆ ಯಾರೂ ಇರಲಿಲ್ಲ. ಆ ಆರು ದಿನ ಸುತ್ತುಬಳಸಿ ಹೋಗಬೇಕಾದ ಊರಿನವರು ಏನು ಹೇಳಿರಬಹುದು ಅಂತ ನಾವು ಊಹಿಸಬಹುದು. ನಮ್ಮೂರಿನವರು ಹೇಳುವುದೇ ಅಲ್ವಾ?

ಹತ್ತಿರದ ಉದಾಹರಣೆಗಳೂ ಉಂಟು. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ನೆರೆಯಲ್ಲಿ ಹೋಯಿತು. ಕತ್ತಲಲ್ಲಿ ರಸ್ತೆ ಇಲ್ಲ ಎಂಬುದೇ ಕಾಣದೆ ಎರಡು ಸರಕಾರಿ ಬಸ್ಸುಗಳು ನೀರಿಗೆ ಬಿದ್ದವು. 2018ರ ಜೂನ್ 25ರಂದು ಬಂಟ್ವಾಳ ತಾಲೂಕಿನ ಮುಲ್ಲರಪಟ್ನದಲ್ಲಿ ಫಲ್ಗುಣಿ ಹೊಳೆಯ ಸೇತುವೆ ಕುಸಿಯಿತು. ಅದೃಷ್ಟಕ್ಕೆ ಜೀವಹಾನಿ ಆಗಲಿಲ್ಲ. ಸುತ್ತಮುತ್ತ ಮರಳು ತೆಗೆದದ್ದೇ ಕಾರಣ ಎಂದು ಊರವರು ಆಗ ದೂರಿದರು.

ಮರಳಿಗೂ ಸೇತುವೆಗೂ ಏನು ಸಂಬಂಧ ಎಂದು ಒಂಬತ್ತನೇ ತರಗತಿಯ ಮಗುವಿಗೆ ಹೇಳುವುದು ಸುಲಭ. ನಮ್ಮಲ್ಲಿ ಬುಡಕೊರೆತದ ಲೆಕ್ಕಕ್ಕೆ ಈಗಲೂ ಆಧಾರ, ಭಾರತದ ಕಾಲುವೆಗಳಲ್ಲಿ ದುಡಿದ ಗೆರಾಲ್ಡ್ ಲೇಸಿ ಎಂಬ ಎಂಜಿನಿಯರು 1930ರ ಸುಮಾರಿಗೆ ಕೊಟ್ಟ ಸೂತ್ರ. ನೆರೆಯ ನೀರಿನ ಪ್ರಮಾಣ ಮತ್ತು ಮರಳಿನ ಕಣದ ಗಾತ್ರದಿಂದ ಸರಾಸರಿ ಕೊರೆತದ ಆಳ ಸಿಗುತ್ತದೆ. ಕಂಬದ ಬುಡದಲ್ಲಿ ಅದರ ಎರಡು ಪಟ್ಟು ಹಿಡಿಯಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮ. ಸರಾಸರಿ 4 ಮೀಟರ್ ಬಂದರೆ ಕಂಬದ ಹತ್ತಿರ ನೆರೆಮಟ್ಟದಿಂದ 8 ಮೀಟರ್ ಕೆಳಗಿನ ತನಕ ಮಣ್ಣು ಇಲ್ಲವೆಂದೇ ಎಣಿಸಿ, ಪಾಯವನ್ನು ಅದಕ್ಕಿಂತಲೂ ಕೆಳಗೆ ಇಳಿಸಬೇಕು. ಈಗ ಯಾರೋ ಸೇತುವೆಯ ಹತ್ತಿರದಿಂದ ಲೋಡುಗಟ್ಟಲೆ ಮರಳು ತೆಗೆದು ಹೊಳೆಯ ತಳವನ್ನೇ ಎರಡು ಮೀಟರ್ ತಗ್ಗಿಸಿದರು ಅನ್ನಿ. ಎಂಜಿನಿಯರು ಜೋಪಾನಕ್ಕೆ ಇಟ್ಟ ಆಳದಲ್ಲಿ ಎರಡು ಮೀಟರ್ ನೆರೆ ಬರುವ ಮೊದಲೇ ಖರ್ಚಾಯಿತು. ಲಾರಿ ಮೇಲೆ ಹೋದ ಭಾರಕ್ಕಿಂತ ಲಾರಿಯಲ್ಲಿ ಹೋದ ಮರಳು ಸೇತುವೆಗೆ ಹೆಚ್ಚು ಕೆಟ್ಟದ್ದು.

ಕಂಬವನ್ನೇ ನೀರಿಗಿಳಿಸದ ದಾರಿಯೂ ಒಂದಿದೆ, ನಮ್ಮ ಹೊಳೆಯ ಮೇಲ್ಭಾಗದಲ್ಲೇ ಅದು ಶುರುವಾದದ್ದು. ಕಾಸರಗೋಡಿಗೆ ಬರುವಾಗ ಚಂದ್ರಗಿರಿ ಅನಿಸಿಕೊಳ್ಳುವ ಪಯಸ್ವಿನಿಗೆ ಸುಳ್ಯದ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜರು 1989ರಲ್ಲಿ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಅಲ್ಲಿ ಬುಡಕೊರೆತದ ಚಿಂತೆ ಕಡಿಮೆ, ಹಗ್ಗದ ಚಿಂತೆ ಹೆಚ್ಚು. ತುಕ್ಕು ಹಿಡಿದ ಹಗ್ಗ ಏನು ಮಾಡ್ತದೆಂದು 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ನೋಡಿದ್ದೇವೆ.

ಇನ್ನು ಮಕ್ಕಳ ಕೈಗೆ ಏನು ಕೆಲಸ ಕೊಡಬಹುದು? ಮಳೆಗಾಲದಲ್ಲಿ ಹೊಳೆಯ ಬದಿಗೆ ಕರೆದುಕೊಂಡು ಹೋಗುವ ಮಾತೇ ಬೇಡ. ಜನವರಿಯ ನಂತರ ನೀರು ತಗ್ಗಿದಾಗ, ಇಬ್ಬರು ದೊಡ್ಡವರ ಜತೆ, ಶಾಲೆಯ ಹತ್ತಿರದ ಒಂದೇ ಸೇತುವೆಗೆ ಹೋಗಿ. ಕೈಪಿಡಿಯ ಒಂದು ತುದಿಗೆ ಕಣ್ಣಿಟ್ಟು ಉದ್ದಕ್ಕೆ ನೋಡಿದರೆ ಎಲ್ಲಾದರೂ ತಗ್ಗಿದೆಯಾ, ಬಾಗಿದೆಯಾ ಗೊತ್ತಾಗ್ತದೆ. ಕಂಬದ ಬುಡದಲ್ಲಿ ಅಗಲವಾದ ಪಾಯದ ಅಂಚು ಮರಳಿನಿಂದ ಹೊರಗೆ ಕಾಣುತ್ತಿದ್ದರೆ ಅದು ದೊಡ್ಡ ಸುದ್ದಿ, ದಿನಾಂಕ ಹಾಕಿ ಬರೆದಿಡಿ. ರಸ್ತೆ ಸೇತುವೆಗೆ ಸೇರುವಲ್ಲಿ ತಗ್ಗು ಬಿದ್ದಿದ್ದರೆ ಒಳಗಿನ ಮಣ್ಣು ಜಾರುತ್ತಿರಬಹುದು. ಮೇಲಿನ ನೀರು ಹೋಗುವ ತೂತುಗಳು ಮುಚ್ಚಿವೆಯಾ, ಸಂದಿನಲ್ಲಿ ಗೋಳಿಯ ಗಿಡ ಬೆಳೆದಿದೆಯಾ, ಅದೂ ಇರಲಿ. ಒಂದೇ ಜಾಗದಲ್ಲಿ ನಿಂತು ಪ್ರತಿ ವರ್ಷ ಒಂದು ಫೋಟೋ ತೆಗೆದರೆ ಸಾಕು, ಮೂರು ವರ್ಷಕ್ಕೆ ಹೊಳೆಯ ತಳ ಇಳಿದಿದೆಯಾ ಎಂಬುದಕ್ಕೆ ಶಾಲೆಯ ಹತ್ತಿರ ಸಾಕ್ಷಿ ಇರ್ತದೆ. ಅದರ ಒಂದು ಪ್ರತಿ ಪಂಚಾಯತಿಗೆ, ಒಂದು ಲೋಕೋಪಯೋಗಿ ಇಲಾಖೆಗೆ ಕೊಡಿ. ಸ್ವೀಕೃತಿ ತಗೊಳ್ಳಲು ಮರೆಯಬೇಡಿ. ನೆರೆಯ ಹೊತ್ತಿಗೆ ಸೇತುವೆಯಲ್ಲಿ ಹೊಸ ಬಿರುಕು, ವಾಲುವಿಕೆ ಕಂಡರೆ ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ಫೋನು ಮಾಡಬಹುದು.

ಜತ್ತ, ಅಕ್ಕಲಕೋಟೆ ಕಡೆಯ ಮಿತ್ರರು "ನಮ್ಮಲ್ಲಿ ಹೊಳೆ ಎಲ್ಲಿದೆ, ಇರುವುದು ಹಳ್ಳ" ಎನ್ನಬಹುದು. ಹನ್ನೊಂದು ತಿಂಗಳು ಒಣಗಿ ಒಂದು ರಾತ್ರಿಯಲ್ಲಿ ರಸ್ತೆಯ ಮೇಲೆ ಹರಿಯುವ ಹಳ್ಳಕ್ಕೆ ಬೇರೆಯೇ ಲೆಕ್ಕ ಬೇಕು. ಅದನ್ನು ಮನೆಗೆಲಸಕ್ಕೆ ಕೊಡಿ.

30 ಕಿಲೋ ತೂಕದ ಮಗು ರಸ್ತೆಯ ಮೇಲೆ ಅರ್ಧ ಮೀಟರ್ ನೀರಿನಲ್ಲಿ ನಿಂತಿದೆ. ಎರಡೂ ಕಾಲು ಸೇರಿ ನೀರಿಗೆ ಎದುರಾದ ಅಗಲ 20 ಸೆಂಟಿಮೀಟರ್, ಅಂದರೆ ವಿಸ್ತೀರ್ಣ 0.1 ಚದರ ಮೀಟರ್. ತಳ್ಳುವ ಬಲ ಸುಮಾರಾಗಿ ½ × ಸಾಂದ್ರತೆ × ವೇಗದ ವರ್ಗ × ವಿಸ್ತೀರ್ಣ. ಮುಳುಗಿದ ಕಾಲಿನ ಗಾತ್ರ 6 ಲೀಟರ್, ಪಾಚಿ ಹಿಡಿದ ಕಾಂಕ್ರೀಟಿನ ಘರ್ಷಣಾ ಗುಣಾಂಕ 0.3 ಅಂತ ಹಿಡಿಯಿರಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೀರು 50 ನ್ಯೂಟನ್ ತಳ್ಳುತ್ತದೆ, ಘರ್ಷಣೆ 72 ನ್ಯೂಟನ್ ವರೆಗೆ ತಡೆಯುತ್ತದೆ. ಮಗು ಹೇಗೋ ನಿಂತೀತು. ವೇಗ 2 ಮೀಟರ್ ಆದಾಗ ತಳ್ಳುವುದು 200 ನ್ಯೂಟನ್.

ಎರಡನೆಯದು ಕಾರಿನದ್ದು. ತೂಕ 900 ಕಿಲೋ, ತಳದ ಅಳತೆ 4 ಮೀಟರ್ × 1.6 ಮೀಟರ್, ತಳ ನೆಲದಿಂದ 17 ಸೆಂಟಿಮೀಟರ್ ಎತ್ತರ. ಒಳಗೆ ನೀರು ನುಗ್ಗುವ ಮೊದಲು, ಎಷ್ಟು ಆಳದ ನೀರಿನಲ್ಲಿ ಟಯರು ನೆಲ ಬಿಡಬಹುದು? ಆರ್ಕಿಮಿಡೀಸನ ತತ್ವ ಹಾಕಿ ನೋಡಿ, ಸುಮಾರು 31 ಸೆಂಟಿಮೀಟರ್ ಬರ್ತದೆ. ಉತ್ತರ ಸಿಕ್ಕಿದ ಮಕ್ಕಳು ತಮ್ಮ ಅಳತೆಪಟ್ಟಿಯನ್ನು ನೆಲಕ್ಕೆ ನೆಟ್ಟಗೆ ಹಿಡಿದು ಅದು ಎಷ್ಟೆಂದು ಒಮ್ಮೆ ನೋಡಲಿ.